ಐದನೇ ತಿಂಗಳಲ್ಲಿ ಕಬ್ಬಿಣದ ಮಾತ್ರೆ: ಯಾವಾಗ, ಯಾವುದರ ಜೊತೆ?

ವಾಂತಿ ನಿಂತಿರುತ್ತದೆ, ಊಟ ರುಚಿಸುತ್ತಿರುತ್ತದೆ, ಸೀಮಂತದ ಸೀರೆಗೆ ಚಿಕ್ಕಪೇಟೆಗೆ ಹೋಗುವ ಮಾತು ಮನೆಯಲ್ಲಿ ಶುರುವಾಗಿರುತ್ತದೆ. ಬಸುರಿಯ ನಡುವಿನ ತಿಂಗಳುಗಳು ಹಾಯಾದವು, ನಿಜ. ಆದರೆ ದಿನವೂ ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದ ಗರ್ಭಿಣಿಯರನ್ನು ಬೆಂಗಳೂರಿನಲ್ಲಿ ಬಹಳ ಮಂದಿ ನೋಡಿದ್ದೇನೆ. ವಿಚಾರಿಸಿದರೆ ಕಾರಣ ಎಷ್ಟೋ ಸಲ ಅಡುಗೆಮನೆಯಲ್ಲೇ ಸಿಗುತ್ತದೆ: ಮಾತ್ರೆಯ ಹಿಂದೆಯೇ ಒಂದು ಲೋಟ ಫಿಲ್ಟರ್ ಕಾಫಿ.

ಹೆಜ್ಜೆ 1: ತಾಯಿ ಕಾರ್ಡ್ ನೋಡಿ

ಗರ್ಭಿಣಿಯ ತಪಾಸಣೆಯ ವಿವರ ಬರೆದಿಡುವ ಈ ಕಾರ್ಡಿನಲ್ಲಿ ಹಿಮೋಗ್ಲೋಬಿನ್ (ಡೆಸಿಲೀಟರ್ ರಕ್ತಕ್ಕೆ) 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಚೆನ್ನಾಗಿದ್ದವರಿಗೂ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಮಾತ್ರೆ ಬೇಕು. 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುವ ಈ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ರಕ್ತಹೀನತೆ ಇದ್ದರೆ ಪ್ರಮಾಣವನ್ನು ವೈದ್ಯರೇ ಹೆಚ್ಚಿಸುತ್ತಾರೆ.

ಇಷ್ಟು ಯಾಕೆ ಬೇಕು? ಗರ್ಭಿಣಿಯ ರಕ್ತದ ದ್ರವಾಂಶ ಶೇ 40ರಿಂದ 50ರಷ್ಟು ಹೆಚ್ಚುತ್ತದೆ. ಕೆಂಪು ಕಣಗಳು ಆ ವೇಗದಲ್ಲಿ ಹೆಚ್ಚುವುದಿಲ್ಲ, ರಕ್ತ ತೆಳುವಾಗುತ್ತದೆ. ಇತ್ತ 20ನೇ ವಾರದಲ್ಲಿ ಸುಮಾರು 300 ಗ್ರಾಂ ತೂಗುವ ಮಗು 28ನೇ ವಾರಕ್ಕೆ ಸುಮಾರು ಒಂದು ಕಿಲೋ ಆಗುತ್ತದೆ. ಹುಟ್ಟಿದ ಮೇಲಿನ ಮೊದಲ ತಿಂಗಳುಗಳಿಗೆ ಬೇಕಾದ ಕಬ್ಬಿಣವನ್ನೂ ಅದು ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದಲೇ ಎಳೆದುಕೊಳ್ಳುತ್ತದೆ. ಅಷ್ಟರೊಳಗೆ ತಾಯಿಯ ಉಗ್ರಾಣ ತುಂಬಿರಬೇಕು.

ಹೆಜ್ಜೆ 2: ಹೊತ್ತು ಗೊತ್ತುಮಾಡಿ

ಎಲ್ಲರೂ ಎಡವುವುದು ಇಲ್ಲಿ. ಕಾಫಿ, ಚಹಾದಲ್ಲಿರುವ ಅಂಶಗಳು ಹೊಟ್ಟೆಯಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆಯೂ ಅಡ್ಡಿಯೇ. ಹೊಟ್ಟೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಸಿರಪ್ ಕೂಡ ಹಾಗೆಯೇ. ರಾಗಿಮುದ್ದೆ ಧಾರಾಳವಾಗಿ ತಿನ್ನಿ, ಆದರೆ ಅದರ ಬೆನ್ನಿಗೇ ಕಬ್ಬಿಣದ ಮಾತ್ರೆ ಬೇಡ.

ನಾನು ಎಲ್ಲರಿಗೂ ಹೇಳುವ ವೇಳಾಪಟ್ಟಿ ಇದು. ಒಂದು ಕ್ಯಾಲ್ಸಿಯಂ ಮಾತ್ರೆ ಬೆಳಗಿನ ತಿಂಡಿಯ ನಂತರ, ಇನ್ನೊಂದು ರಾತ್ರಿ ಊಟದ ನಂತರ. ಮಧ್ಯಾಹ್ನ ಒಂದಕ್ಕೆ ಊಟ ಮುಗಿದರೆ ಮೂರಕ್ಕೆ ಕಬ್ಬಿಣದ ಮಾತ್ರೆ. ಅದರ ಜೊತೆ ನಿಂಬೆಹಣ್ಣಿನ ಪಾನಕ, ಇಲ್ಲವೇ ಒಂದು ನೆಲ್ಲಿಕಾಯಿ ಅಥವಾ ಸೀಬೆಹಣ್ಣು. ಇವುಗಳ ಸಿ ಜೀವಸತ್ವ ಕಬ್ಬಿಣವನ್ನು ಒಳಗೆ ಸೇರಿಸುತ್ತದೆ. ಸಂಜೆಯ ಕಾಫಿ ಐದರ ಮೇಲಿರಲಿ. ಕಚೇರಿಯಲ್ಲಿ ನಾಲ್ಕಕ್ಕೆ ಚಹಾ ಬಂದರೆ ಆ ಲೋಟ ಬಿಟ್ಟುಬಿಡಿ. ಮೂರಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡರೆ ಮರೆವಿನ ಮಾತೇ ಇಲ್ಲ.

ಇನ್ನೂ ದೊಡ್ಡ ತಪ್ಪೊಂದಿದೆ. ಅತ್ತೆಯೋ ಅಮ್ಮನೋ ಪ್ರೀತಿಯಿಂದ ಕೊಟ್ಟ ಕೇಸರಿ ಹಾಲಿನಲ್ಲೇ ರಾತ್ರಿ ಈ ಮಾತ್ರೆ ನುಂಗುವುದು. ಹಲವರ ನಂಬಿಕೆ ಬೇರೆಯಿದ್ದರೂ, ಮಾತ್ರೆಯಿಂದ ಮಗು ಕಪ್ಪಾಗುವುದಿಲ್ಲ, ಕೇಸರಿಯಿಂದ ಬೆಳ್ಳಗಾಗುವುದೂ ಇಲ್ಲ. ಬಣ್ಣ ತಂದೆತಾಯಿಯರಿಂದ ಬರುತ್ತದೆ. ಹಾಲು ಇಷ್ಟವಾದರೆ ಬೇರೆ ಹೊತ್ತಿನಲ್ಲಿ ಕುಡಿಯಿರಿ.

ಹೆಜ್ಜೆ 3: ಅರ್ಧಕ್ಕೆ ಬಿಡಬೇಡಿ

ಮಲ ಕಪ್ಪಾಗುತ್ತದೆ, ಹೆದರಬೇಡಿ. ಮಲಬದ್ಧತೆಗೆ ಮಾತ್ರೆಯೊಂದನ್ನೇ ದೂರಬೇಡಿ. ಈ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕರುಳಿನ ಚಲನೆಯನ್ನೇ ನಿಧಾನಗೊಳಿಸಿರುತ್ತದೆ. ನೀರು, ಸೊಪ್ಪು, ಸಂಜೆಯ ನಡಿಗೆ ಹೆಚ್ಚಿಸಿ. ವಾಕರಿಕೆ ಬಂದರೆ ಊಟದ ನಂತರ ನುಂಗಿ. ಸ್ವಲ್ಪ ಕಡಿಮೆ ಹೀರಿಕೆಯಾದರೂ ಪೂರ್ತಿ ನಿಲ್ಲಿಸುವುದಕ್ಕಿಂತ ಲೇಸು. ಅದೂ ಆಗದಿದ್ದರೆ ಬೇರೆ ಬಗೆಯ ಮಾತ್ರೆ ಕೊಡುವಂತೆ ವೈದ್ಯರನ್ನು ಕೇಳಿ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬೇಡಿ.

ಬೀಟ್‌ರೂಟ್, ಖರ್ಜೂರ, ದಾಳಿಂಬೆ ಮಾತ್ರೆಗೆ ಬದಲಿಯಲ್ಲ. ‘ರಕ್ತ ಹೆಚ್ಚಿಸುವ’ ಟಾನಿಕ್‌ಗಳಿಗೆ ದುಡ್ಡು ಸುರಿಯುವ ಮುನ್ನ ಲೇಬಲ್ ಓದಿ. ದಪ್ಪ ಅಕ್ಷರದಲ್ಲಿರುವುದು ಎಷ್ಟೋ ಸಲ ಕಬ್ಬಿಣದ ಲವಣದ ತೂಕ. ನಿಮಗೆ ಬೇಕಿರುವುದು ಅದರೊಳಗಿನ ಶುದ್ಧ ಕಬ್ಬಿಣಾಂಶದ ಅಂಕಿ, ಅದು ಬಹಳ ಚಿಕ್ಕದಿರುತ್ತದೆ.

ಹೆಜ್ಜೆ 4: ಉಳಿದ ಕೆಲಸಗಳು

ಮಗುವಿನ ಅಂಗಾಂಗ ನೋಡುವ ಸ್ಕ್ಯಾನಿಂಗ್ 18ರಿಂದ 20ನೇ ವಾರದೊಳಗೆ. ಸಕ್ಕರೆ ಪರೀಕ್ಷೆ 24ರಿಂದ 28ರೊಳಗೆ. ಚೊಚ್ಚಲ ಬಸುರಿಗೆ ಮಗುವಿನ ಅಲುಗಾಟ 18ರಿಂದ 20ನೇ ವಾರದ ಹೊತ್ತಿಗೆ ತಿಳಿಯುತ್ತದೆ. 24 ವಾರವಾದರೂ ತಿಳಿಯದಿದ್ದರೆ ವೈದ್ಯರಿಗೆ ಹೇಳಿ.

ಹೆಜ್ಜೆ 5: ತಿಂಗಳ ಮೇಲೆ ಮತ್ತೆ ಪರೀಕ್ಷೆ

ರಕ್ತಹೀನತೆ ಇದ್ದವರಿಗೆ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಬೇಕು. ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಬಗ್ಗೆ ಕೇಳಿ. 7 ಗ್ರಾಂಗಿಂತ ಕೆಳಗಿದ್ದರೆ, ಅಥವಾ ಕುಳಿತಲ್ಲೇ ಏದುಸಿರು ಬರುತ್ತಿದ್ದರೆ ಮನೆಯಲ್ಲಿ ಕಾಯುವಂತಿಲ್ಲ. ವಾಣಿ ವಿಲಾಸದಂಥ ದೊಡ್ಡ ಹೆರಿಗೆ ಆಸ್ಪತ್ರೆಗೆ ಅಂದೇ ಹೋಗಿ.

ಮಾತ್ರೆಗಳನ್ನು ಎತ್ತರದ ಕಪಾಟಿನಲ್ಲಿಡಿ. ಮೊದಲ ಮಗು ಮಿಠಾಯಿಯೆಂದು ಹಲವನ್ನು ನುಂಗಿದರೆ ಜೀವಕ್ಕೇ ಅಪಾಯ.