ಒಂದೇ ಡಯಲೈಸರ್ ಒಂಬತ್ತು ಸಲ: ನನ್ನ ಅನುಭವ

ಡಯಾಲಿಸಿಸ್ಸಿನಲ್ಲಿ ರಕ್ತ ಸೋಸುವ ಫಿಲ್ಟರೇ ಡಯಲೈಸರ್, ತೊಳೆದು ಅದೇ ಪೇಷಂಟಿಗೆ ಮತ್ತೆ ಹಾಕುತ್ತೇವೆ. ಐದನೇ ಸಲಕ್ಕೇ ಕಸಕ್ಕೆ ಹೋಗುತ್ತಿದ್ದ ಡಯಲೈಸರ್ ಈಗ ನಮ್ಮಲ್ಲಿ ಒಂಬತ್ತು ಸಲ ಬರುತ್ತಿದೆ. ಒಂದೆರಡು ಹನ್ನೊಂದನ್ನೂ ಮುಟ್ಟಿವೆ. ಶುರುವಿನಲ್ಲಿ ನಮ್ಮ ಸೀನಿಯರ್ ಟೆಕ್ನಿಷಿಯನ್ ನಕ್ಕಿದ್ದರು. "ತೊಳೆಯೋದ್ರಲ್ಲಿ ಏನಪ್ಪಾ ಹೊಸದು ಕಂಡುಹಿಡೀತೀಯ?" ಅಂದಿದ್ದರು. ಹೊಸದೇನೂ ಇಲ್ಲ. ನಾವೆಲ್ಲ ಸಿಂಕಿನ ಹತ್ತಿರ ಹುಡುಕುತ್ತಿದ್ದದ್ದು ಬೆಡ್ಡಿನ ಹತ್ತಿರ ಸಿಕ್ಕಿತು, ಅಷ್ಟೇ.

ನಮ್ಮದು ಬೆಂಗಳೂರಿನ ಸಣ್ಣ ಘಟಕ. ಇಪ್ಪತ್ತು ಚಿಲ್ಲರೆ ಪೇಷಂಟ್‌ಗಳು, ತಿಂಗಳಿಗೆ ಸುಮಾರು 220 ಡಯಾಲಿಸಿಸ್. ಹೊಸ ಡಯಲೈಸರ್ ನಮಗೆ ಸಾವಿರ ರೂಪಾಯಿ ಆಸುಪಾಸಿಗೆ ಬೀಳುತ್ತದೆ. ಐದು ಸಲಕ್ಕೆ ಬಿಸಾಕಿದರೆ ತಿಂಗಳಿಗೆ 44 ಬೇಕು, ಒಂಬತ್ತು ಸಲ ಬಂದರೆ 25 ಸಾಕು. ಹತ್ತೊಂಬತ್ತು ಸಾವಿರ ಉಳಿಯಿತು ಅಲ್ವಾ? ಹೆಪಟೈಟಿಸ್, ಎಚ್ಐವಿ ಪಾಸಿಟಿವ್ ಇರುವವರದ್ದು ನಾವು ಮರುಬಳಕೆ ಮಾಡುವುದೇ ಇಲ್ಲ. ಅವರನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಮೊದಲು ಮಾಡಿದ್ದೆಲ್ಲ ಎಡವಟ್ಟು. ಬ್ಲೀಚ್ ಸ್ವಲ್ಪ ಗಟ್ಟಿ ಮಾಡಿ ನೋಡಿದೆ. ಒಳಗಿನ ಫೈಬರ್ ಎಳೆಗಳು ಮಲ್ಲಿಗೆಯಂತೆ ಬೆಳ್ಳಗಾದವು, ನನಗೋ ಖುಷಿ. ಪ್ರೆಷರ್ ಟೆಸ್ಟ್ ಹಾಕಿದರೆ ಐದರಲ್ಲಿ ಮೂರು ಲೀಕ್! ಬ್ಲೀಚ್ ಜಾಸ್ತಿಯಾದರೆ ಪಾಲಿಸಲ್ಫೋನಿನ (ಎಳೆಗಳ ಪ್ಲಾಸ್ಟಿಕ್) ರಂಧ್ರ ದೊಡ್ಡದಾಗಿ ರಕ್ತದ ಪ್ರೋಟೀನ್ ಆಲ್ಬುಮಿನ್ ಸೋರುತ್ತದೆ ಅನ್ನುವುದು ನನಗೂ ಗೊತ್ತಿತ್ತು, ಆದರೂ ಕೈ ತಡೆಯಲಿಲ್ಲ. ಐದನ್ನೂ ಅಲ್ಲೇ ಎಸೆದೆ. ಐದು ಸಾವಿರ ನೀರಿಗೆ ಹೋಯಿತು. ಆಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಜಾಸ್ತಿ ಮಾಡೋಣ ಅಂದೆ, ಡಾಕ್ಟರ್ ಒಪ್ಪಲಿಲ್ಲ. ಒಪ್ಪದಿದ್ದದ್ದೇ ಸರಿ. ಬೇಸಿಗೆ ಬಂತು, ಕಾವೇರಿ ನೀರು ಕೈಕೊಟ್ಟಿತು, ಟ್ಯಾಂಕರ್ ನೀರಿನ ಗಡಸಿಗೆ ಸಾಫ್ಟ್‌ನರ್ ಸೋತಿತು. ಆರ್‌ಒ ನೀರಿನ ಪ್ರೆಷರ್ ಇಳಿದು ಸಿಂಕಿನಲ್ಲಿ ಡಯಲೈಸರ್‌ಗಳು ಸಾಲುಗಟ್ಟಿದವು. ಆ ತಿಂಗಳು ಸರಾಸರಿ ನಾಲ್ಕಕ್ಕೆ ಬಿತ್ತು.

ಕೊನೆಗೆ ತಲೆಕೆಟ್ಟು, ಸ್ಟೆರಿಲೈಸ್ ಆಗಿ ಎಸೆಯಲಿಟ್ಟಿದ್ದ ಒಂದನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದೆ. ಒಳಗೆ ಶಾವಿಗೆ ಕಟ್ಟು! ಹತ್ತು ಸಾವಿರದಷ್ಟು ಎಳೆ, ಒಂದೊಂದರ ತೂತು 200 ಮೈಕ್ರಾನ್. ಕಪ್ಪುಗಟ್ಟಿದ್ದವು ಅಲ್ಲೊಂದು ಇಲ್ಲೊಂದು ಇರಲಿಲ್ಲ, ಒಂದೇ ಪಕ್ಕಕ್ಕೆ ಅರ್ಧಚಂದ್ರದ ಹಾಗೆ ಗುಂಪಾಗಿದ್ದವು. ಇನ್ನೂ ಎರಡನ್ನು ಕೊಯ್ದೆ, ಅದೇ ಕಥೆ. ಅಂದರೆ ಅಲ್ಲಿ ಗಾಳಿ ಕೂತಿತ್ತು. ಗಾಳಿ ಇರುವ ಎಳೆಗೆ ರಕ್ತ ಸರಿಯಾಗಿ ನುಗ್ಗುವುದಿಲ್ಲ, ನುಗ್ಗಿದ್ದು ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ನಂಬಿಕೆ ಬರಲಿ ಅಂತ ಎಸೆಯುವ ಡಯಲೈಸರ್ ಒಂದಕ್ಕೆ ಸುಮ್ನೆ ಬೀಟ್‌ರೂಟ್ ನೀರು ಓಡಿಸಿದೆ. ಅವಸರದಲ್ಲಿ ಪ್ರೈಮ್ ಮಾಡಿದಾಗ (ಅಂದರೆ ರಕ್ತ ಬಿಡುವ ಮುಂಚೆ ಸಲೈನ್ ತುಂಬಿ ಗಾಳಿ ಹೊರಹಾಕುವಾಗ) ಒಂದು ಪಕ್ಕ ಬಿಳಿ ಪಟ್ಟೆ ಹಾಗೇ ಉಳಿಯಿತು. ಸಿಸ್ಟರ್‌ಗಳನ್ನೆಲ್ಲ ಕರೆದು ತೋರಿಸಿದೆ. ಸಿಂಕ್ ಒಂದು ವಾರ ಗುಲಾಬಿ ಬಣ್ಣ, ಬೈಗುಳವೂ ಬಿತ್ತು.

ಅವಸರ ಯಾಕೆ ಅಂದರೆ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರುವ ಪೇಷಂಟ್ ಮುಕ್ಕಾಲು ಗಂಟೆ ತಡ, ಮುಂದಿನ ಶಿಫ್ಟಿನವರು ಬಾಗಿಲಲ್ಲಿ. ಆ ಮುಕ್ಕಾಲು ಗಂಟೆಯನ್ನು ನಾವು ಪ್ರೈಮಿಂಗಿನಲ್ಲಿ ಕದಿಯುತ್ತಿದ್ದೆವು.

ಈಗ ಪ್ರೈಮ್ ಮಾಡುವಾಗ ರಕ್ತ ಹೊರಬರುವ ನೀಲಿ ತುದಿ ಮೇಲೆ, ಪಂಪ್ ನಿಮಿಷಕ್ಕೆ 150 ಎಂಎಲ್‌ಗೆ, ಅಂಗೈಯಲ್ಲಿ ಮೆಲ್ಲಗೆ ತಟ್ಟುತ್ತೇನೆ. ಕ್ಲಾಂಪಿನಿಂದ ಬಡಿಯುವುದಿಲ್ಲ. ಮುಗಿದ ಮೇಲೆ ರಕ್ತ ವಾಪಸ್ ಕೊಡುವಾಗಲೂ ಅವಸರವಿಲ್ಲ. ಎರಡೂ ಅಂಗೈ ನಡುವೆ ಡಯಲೈಸರ್ ಉರುಳಿಸುತ್ತಾ ಸಲೈನ್ ಬಿಡುತ್ತೇನೆ. ಆ ಹೊತ್ತಿಗೆ ಇನ್ನೂ ಒಂದು ಕೈಚಳಕ ಇದೆ, ಅದನ್ನು ಬರೆಯುವುದಿಲ್ಲ, ಬಂದರೆ ತೋರಿಸುತ್ತೇನೆ. ಹತ್ತು ನಿಮಿಷದೊಳಗೆ ಆರ್‌ಒ ನೀರಿಗೆ ಬೀಳಲೇಬೇಕು. ಉಳಿದದ್ದು ಎಲ್ಲ ಕಡೆ ಮಾಡುವುದೇ: ರಿವರ್ಸ್ ಅಲ್ಟ್ರಾಫಿಲ್ಟ್ರೇಶನ್ (ಎಳೆಗಳ ಹೊರಗಿನಿಂದ ಒಳಕ್ಕೆ ನೀರು ತಳ್ಳಿ ತೊಳೆಯುವುದು), ವಾಲ್ಯೂಮ್ ಅಳತೆ (ಎಳೆಗಳೊಳಗೆ ಎಷ್ಟು ಹಿಡಿಯುತ್ತದೆ ಅಂತ), ಕ್ರಿಮಿ ಕೊಲ್ಲಲು ಪೆರಾಸಿಟಿಕ್ ಆಸಿಡ್, ಹಾಕುವ ಮುಂಚೆ ಆಸಿಡ್ ಉಳಿದಿಲ್ಲ ಅಂತ ನೋಡಲು ಸ್ಟ್ರಿಪ್.

ಆ ವಾಲ್ಯೂಮಿನಲ್ಲಿ 80 ಪರ್ಸೆಂಟಿನ ಗೆರೆ ಮಾತ್ರ ದಾಟಬೇಡಿ. ಹೊಸದರಲ್ಲಿ 80 ಎಂಎಲ್ ಇದ್ದದ್ದು 64ಕ್ಕಿಂತ ಕೆಳಗಿಳಿದರೆ, ಮೂರನೇ ಸಲವಾದರೂ ಎಸೆಯಿರಿ. ಅಷ್ಟು ಇಳಿಯುವ ಹೊತ್ತಿಗೇ ಯೂರಿಯಾ ತೆಗೆಯುವ ಶಕ್ತಿ ಹತ್ತು ಪರ್ಸೆಂಟ್ ಹೋಗಿರುತ್ತದೆ. ನಮ್ಮ ಒಬ್ಬರು ಅಜ್ಜಿ ಪ್ರತಿ ಸಲ ಲೇಬಲ್ ಓದಿಸುತ್ತಾರೆ. "ನನ್ನದೇ ತಾನೇ ಕಣಪ್ಪಾ?" ಅಂತ. "ನಿಮ್ಮದೇ ಅಜ್ಜಿ, ಏಳನೇದು" ಅಂತ ಓದಿ ಹೇಳಿದ ಮೇಲೇ ಕೈ ಚಾಚುತ್ತಾರೆ.

ಕ್ಯಾಥೆಟರ್ (ರಕ್ತನಾಳಕ್ಕೆ ಹಾಕಿಟ್ಟ ಕೊಳವೆ) ಮೂಲಕ ಡಯಾಲಿಸಿಸ್ ಆಗುವ ಪೇಷಂಟ್‌ಗಳ ವಿಷಯದಲ್ಲಿ ಮಾತ್ರ ಸೋತಿದ್ದೇನೆ. ಅಲಾರಂ ಹೊಡೆದು ಪಂಪ್ ಪದೇ ಪದೇ ನಿಲ್ಲುತ್ತದೆ, ರಕ್ತವೂ ನಿಲ್ಲುತ್ತದೆ. ಅವರದ್ದು ಇನ್ನೂ ಐದು, ಹೆಚ್ಚೆಂದರೆ ಆರು.