ಹುಲ್ಲಿನಿಂದ ತೋಳದವರೆಗೆ: ಗೋಮಾಳದ ಶಕ್ತಿಯ ಲೆಕ್ಕ ಹಾಕುವುದು ಹೇಗೆ?

ಚಳ್ಳಕೆರೆ ಸೀಮೆಯ ಹುಲ್ಲುಗಾವಲುಗಳಲ್ಲಿ ಶಕ್ತಿ ಯಾರಿಂದ ಯಾರಿಗೆ, ಎಷ್ಟೆಷ್ಟು ಸಾಗುತ್ತದೆ ಎಂಬುದನ್ನು ಹೈಸ್ಕೂಲು ಮಕ್ಕಳೂ ಒಂದು ತಕ್ಕಡಿ ಮತ್ತು ನೋಟ್‌ಬುಕ್ಕಿನ ನೆರವಿನಿಂದ ಲೆಕ್ಕ ಹಾಕಬಹುದು. ಅಮೃತಮಹಲ್ ಕಾವಲಿಗೇ ಹೋಗಬೇಕೆಂದಿಲ್ಲ, ಊರಿನ ಗೋಮಾಳವೇ ಸಾಕು. ಹುಲ್ಲು ತೆನೆಗಟ್ಟಿರುವ ಮಳೆಗಾಲದ ಕೊನೆ ಇದಕ್ಕೆ ತಕ್ಕ ಸಮಯ.

ಮೊದಲು ಒಂದು ಚದರ ಮೀಟರ್ ಜಾಗಕ್ಕೆ ನಾಲ್ಕು ಗೂಟ ಹೊಡೆದು ಹುರಿ ಕಟ್ಟಿ, ಒಳಗಿನ ಹುಲ್ಲನ್ನು ಕುಡುಗೋಲಿನಿಂದ ಬುಡಮಟ್ಟ ಕೊಯ್ದು, ತೂಕ ಇಳಿಯುವುದು ನಿಲ್ಲುವವರೆಗೆ ಬಿಸಿಲಿನಲ್ಲಿ ಒಣಗಿಸಿ ತೂಗಬೇಕು. ಒಣಹುಲ್ಲಿನ ಪ್ರತಿ ಗ್ರಾಂನಲ್ಲಿ ಸುಮಾರು 4 ಕಿಲೋಕ್ಯಾಲರಿ ಶಕ್ತಿ ಇರುವುದರಿಂದ, 200 ಗ್ರಾಂ ತೂಗಿದರೆ 800 ಕಿಲೋಕ್ಯಾಲರಿ ಎಂದು ಬರೆದುಕೊಳ್ಳಿ. ನಮ್ಮ ಬಯಲುಸೀಮೆಯಲ್ಲಿ ಅಷ್ಟೇ ಜಾಗದ ಮೇಲೆ ಒಂದು ದಿನಕ್ಕೆ ಬೀಳುವ ಬಿಸಿಲೇ ಸುಮಾರು 4,000 ಕಿಲೋಕ್ಯಾಲರಿ! ಬಿಸಿಲಿನ ಹೆಚ್ಚುಕಡಿಮೆ ಅರ್ಧ ಭಾಗ ದ್ಯುತಿಸಂಶ್ಲೇಷಣೆಗೆ ಬರುವುದೇ ಇಲ್ಲ. ಗಿಡ ತಯಾರಿಸಿದ ಆಹಾರದಲ್ಲಿ ಒಂದಷ್ಟು ಅದರ ಉಸಿರಾಟಕ್ಕೇ ಖರ್ಚಾಗುತ್ತದೆ, ಒಂದಷ್ಟು ಬೇರಿಗೆ ಇಳಿಯುತ್ತದೆ. ಇಲ್ಲಿ ಕೊರತೆ ಬಿಸಿಲಿನದಲ್ಲ, ನೀರಿನದು.

ಮುಂದೆ ತಿನ್ನುವವರನ್ನು ಗುರುತಿಸಬೇಕು. ಗರಿಯ ಅಂಚು ಕಚ್ಚುಕಚ್ಚಾಗಿದ್ದರೆ ಮಿಡತೆಯ ಕೆಲಸ. ಬುಡದ ತನಕ ಮೇಯ್ದಿದ್ದರೆ ಕುರಿಯದು. ಹುಲ್ಲು, ಮಿಡತೆ, ಓತಿಕ್ಯಾತ, ಹದ್ದು ಒಂದು ಸಾಲು. ಹುಲ್ಲು, ಕುರಿ, ತೋಳ ಇನ್ನೊಂದು. ಇವನ್ನು ನೋಟ್‌ಬುಕ್ಕಿನಲ್ಲಿ ಬಾಣಗಳಿಂದ ಜೋಡಿಸಿ. ಬಾಣದ ಮೊನೆ ತಿನ್ನುವವರ ಕಡೆಗಿರಲಿ, ಇಲ್ಲೇ ಅನೇಕರು ತಿರುವುಮುರುವು ಮಾಡುವುದು.

ಆಮೇಲೆ ಬಾಣಗಳ ದಪ್ಪ: ಹೆಚ್ಚು ಶಕ್ತಿ ಸಾಗುವ ಕಡೆ ಬಾಣವೂ ದಪ್ಪ. ಅಮೆರಿಕದ ರೇಮಂಡ್ ಲಿಂಡೆಮನ್ 1942ರಲ್ಲಿ ಪ್ರಕಟಿಸಿದ ಕೆರೆಯೊಂದರ ಅಧ್ಯಯನದಿಂದ ಬೆಳೆದ ಶೇ 10ರ ಸೂತ್ರದಂತೆ 800ರಲ್ಲಿ ಮಿಡತೆಯ ಮೈಗೆ 80, ಓತಿಕ್ಯಾತನಿಗೆ 8, ಹದ್ದಿಗೆ 0.8 ಕಿಲೋಕ್ಯಾಲರಿ ದಕ್ಕಬಹುದು. ಇದು ಅಂದಾಜಿನ ಸೂತ್ರವೇ ಹೊರತು ಎಲ್ಲೆಡೆ ಒಂದೇ ಸಮ ನಡೆಯುವ ನಿಯಮವಲ್ಲ. ಅರಗಿಸಿಕೊಂಡದ್ದರ ಬಹುಪಾಲನ್ನು ಮೈ ಬೆಚ್ಚಗಿಡಲು ಮತ್ತು ಬದುಕು ನಡೆಸಲು ಸುಡುವ ಕುರಿಗಿಂತ ಮಿಡತೆಯಂಥ ತಣ್ಣನೆಯ ಮೈಯ ಜೀವಿಗಳು ಹೆಚ್ಚಿನ ಪಾಲನ್ನು ಮೈಗೂಡಿಸಿಕೊಳ್ಳುತ್ತವೆ. ನೂರಾರು ಕುರಿ ಮೇಯುವ ಬಯಲಿನಲ್ಲಿ ತೋಳಗಳು ಬೆರಳೆಣಿಕೆಯಷ್ಟೇ ಇರುವುದಕ್ಕೆ ಈ ಸೋರಿಕೆಯೂ ಒಂದು ಕಾರಣ.

ಶಾಲೆಯ ಚಾರ್ಟುಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ನನ್ನ ಮಟ್ಟಿಗೆ ಅದು ಅರ್ಧ ಚಿತ್ರ. ಮೇಲೆ ಹೆಪ್ಪುಗಟ್ಟಿದ ಸಗಣಿಯನ್ನು ಕಡ್ಡಿಯಿಂದ ಎತ್ತಿ ನೋಡಿ: ಅಡಿಯಲ್ಲಿ ಸಗಣಿ ಹುಳುಗಳು ಕೊರೆದ ಬಿಲಗಳು, ಅವುಗಳ ಬಾಯಲ್ಲಿ ಸಡಿಲ ಮಣ್ಣಿನ ಗುಪ್ಪೆ. ಪಕ್ಕದ ಒಣ ಕಡ್ಡಿಗೆ ಮೆತ್ತಿದ ಮಣ್ಣನ್ನು ಉಜ್ಜಿದರೆ ಒಳಗೆ ಬಿಳಿ ಗೆದ್ದಲು. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನೂ ಕರಗಿಸುತ್ತವೆ. ಯಾರೂ ಮೇಯದೆ ಒಣಗಿದ ಹುಲ್ಲು, ಜೀರ್ಣವಾಗದ ಸಗಣಿ, ಸತ್ತ ಪ್ರಾಣಿ ಎಲ್ಲವೂ ಈ ದಾರಿಗೇ ಬರುವುದರಿಂದ ಇದರ ಬಾಣವನ್ನು ದಪ್ಪವಾಗಿಯೇ ಎಳೆಯಬೇಕು.

ಕೊನೆಗೆ ಪ್ರತಿ ಜೀವಿಯಿಂದಲೂ ಹೊರಕ್ಕೆ ಒಂದು ಕೆಂಪು ಬಾಣ ಹಾಕಿ. ಅದು ಶಾಖವಾಗಿ ಹೋದ ಶಕ್ತಿ, ಹುಲ್ಲಿಗೆ ಮರಳುವುದಿಲ್ಲ. ಮರಳುವ ಸಾರಜನಕ, ರಂಜಕಗಳಿಗೆ ಬೇರೆ ಬಣ್ಣ ಬಳಸಿ. ಹಗಲು ಗೋಮಾಳದಲ್ಲಿ ಮೇಯ್ದ ಕುರಿಗಳನ್ನು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸುವ ರೂಢಿ ನಿಮ್ಮೂರಿನಲ್ಲಿದ್ದರೆ, ಹಿಕ್ಕೆಯ ಬಾಣವನ್ನು ಗೋಮಾಳದ ಗಡಿ ದಾಟಿಸಿ ಹೊಲಕ್ಕೆ ಎಳೆಯಬೇಕಾಗುತ್ತದೆ.