ಸಂಜೆಗೂ ಮೆತ್ತಗಿರುವ ಸೌತೆಕಾಯಿ ರೊಟ್ಟಿ: ನನ್ನ ಅನುಭವ

ಉಕ್ಕರಿಸಿದ, ಅಂದ್ರೆ ಕುದಿಯುವ ನೀರಲ್ಲಿ ಬೇಯಿಸಿದ ಅಕ್ಕಿ ಹಿಟ್ಟಿಗೆ ತರಕಾರಿ ಬೆರೆಸಿದರೆ ಅಂಟಂಟಾಗುತ್ತೆ, ತಟ್ಟಿದ ಬಾಳೆಲೆ ಬಿಟ್ಟು ಬರೋದೇ ಇಲ್ಲ ಅಂತ ನಮ್ಮ ಶಿವಮೊಗ್ಗ ಕಡೆ ಹೇಳದವರಿಲ್ಲ. ಉಕ್ಕರಿಸೋದು ಲಟ್ಟಿಸುವ ತೆಳು ರೊಟ್ಟಿಗೆ ಮಾತ್ರ, ಸೌತೆಕಾಯಿ ಹಾಕಿ ತಟ್ಟೋದಕ್ಕೆ ಹಸಿ ಹಿಟ್ಟೇ ಸರಿ ಅನ್ನೋ ವಾದ. ಹಸಿ ಹಿಟ್ಟಿನದು ಕಾವಲಿಯಿಂದ ಇಳಿಸಿದ ಗಳಿಗೆಯಲ್ಲಿ ಚೆನ್ನಾಗೇ ಇರುತ್ತೆ, ಒಪ್ಪೋಣ. ಬೆಳಿಗ್ಗೆ ಡಬ್ಬಿಗೆ ಹಾಕಿದ್ದನ್ನು ಮಧ್ಯಾಹ್ನ ತೆಗೆದರೆ ಮಾತ್ರ ರಟ್ಟಿನ ಹಾಗೆ ಮುರಿಯುತ್ತೆ. ಅರ್ಧ ಉಕ್ಕರಿಸಿ, ಅರ್ಧ ಹಸಿಯಾಗೇ ಸೇರಿಸುವ ನನ್ನ ಕ್ರಮದಲ್ಲಿ ಸಂಜೆ ಕಾಫಿ ಹೊತ್ತಿಗೂ ರೊಟ್ಟಿ ಮಡಚಬಹುದು. ಆಗೋದಿಲ್ಲ ಅಂದವರೇ ಈಗ ಅಳತೆ ಕೇಳ್ತಿದ್ದಾರೆ.

ಹೆಚ್ಚಿನವರ ಹಿಟ್ಟು ಕೆಡೋದು ಉಪ್ಪಿನಿಂದ. ತುರಿ, ಹಿಟ್ಟು, ಉಪ್ಪು ಎಲ್ಲ ಒಟ್ಟಿಗೆ ಕಲಸ್ತಾರೆ. ಆಗ ಹದ ಸರಿ ಇರುತ್ತೆ. ಎರಡು ರೊಟ್ಟಿ ಬೇಯೋಷ್ಟರಲ್ಲಿ ಉಪ್ಪು ಸೌತೆಕಾಯಿಯ ನೀರನ್ನೆಲ್ಲ ಹೊರಗೆಳೆದು, ಹಿಟ್ಟು ಸಡಿಲ. ಅದಕ್ಕೆ ಇನ್ನೊಂದು ಹಿಡಿ ಹಿಟ್ಟು, ಮತ್ತೆ ಸಡಿಲ, ಮತ್ತೆ ಹಿಡಿ. ಕೊನೆಯ ರೊಟ್ಟಿಯಲ್ಲಿ ತರಕಾರಿ ಹುಡುಕಬೇಕು, ಉಪ್ಪೂ ಸಾಲದು. ಹಾಗಾಗಿ ನೀರು ಮೊದಲೇ ಹೊರಗೆ ಬರಲಿ, ಅದೇ ನೀರಲ್ಲಿ ಹಿಟ್ಟು ಬೇಯಲಿ. ನನ್ನ ಕ್ರಮ ಇಷ್ಟೇ.

ಸುಮಾರು ಎಂಟು ರೊಟ್ಟಿಗೆ 2 ಲೋಟ ಅಕ್ಕಿ ಹಿಟ್ಟು (ತೂಕದಲ್ಲಿ 300 ಗ್ರಾಂ ಹತ್ತಿರ), 400 ಗ್ರಾಂ ಸೌತೆಕಾಯಿ, ಒಂದು ದೊಡ್ಡ ಈರುಳ್ಳಿ, ಅರ್ಧ ಲೋಟ ಕಾಯಿತುರಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಜೀರಿಗೆ, ಕರಿಬೇವು, ಖಾರಕ್ಕೆ ಸೂಜಿಮೆಣಸು. ಉಪ್ಪು ಒಂದೂಕಾಲು ಚಮಚ. ಸೌತೆಕಾಯಿಯ ತೊಟ್ಟಿನ ಕಡೆ ಚೂರು ತಿಂದು ನೋಡಿಯೇ ತುರಿಯಿರಿ, ಒಂದು ಕಹಿಕಾಯಿ ಬಿದ್ದರೆ ಇಡೀ ಹಿಟ್ಟು ಹೋಯ್ತು. ತುರಿಗೆ ಉಪ್ಪನ್ನೆಲ್ಲ ಹಾಕಿ ಹತ್ತು ನಿಮಿಷ ಬಿಟ್ಟು, ಎರಡೂ ಕೈಯಲ್ಲಿ ಹಿಂಡಿ. ಮುಕ್ಕಾಲು ಲೋಟದ ಮೇಲೆ ನೀರು ಬರುತ್ತೆ, ಕಡಿಮೆ ಬಿದ್ದಷ್ಟು ನೀರು ಸೇರಿಸಿ ಒಂದು ಲೋಟ ಮಾಡಿಕೊಳ್ಳಿ. ಉಪ್ಪು ಅದರಲ್ಲೇ ಇದೆ, ಮತ್ತೆ ಹಾಕಬೇಡಿ.

ಆ ನೀರು ಕುದಿಯುವಾಗ ಹಸಿರು ನೊರೆ ಏಳುತ್ತೆ, ತೆಗೆಯೋದು ಬೇಡ. ಇದೇ ನೀರಿಗೆ ಇನ್ನೊಂದು ವಸ್ತು ಅರ್ಧ ಚಮಚ ಬೀಳುತ್ತೆ. ಅದೇನು ಅಂತ ಇಲ್ಲಿ ಬರೆಯೋದಿಲ್ಲ, ಎಲ್ಲರ ಅಡುಗೆಮನೆಯಲ್ಲೂ ಇರುವಂಥದ್ದೇ. ಒಂದು ಲೋಟ ಹಿಟ್ಟು ಸುರಿದು ಉರಿ ಸಣ್ಣ ಮಾಡಿ, ಮುಚ್ಚಿ ಎರಡು ನಿಮಿಷ, ಆಮೇಲೆ ಸೌಟಿನ ಹಿಡಿಯಲ್ಲಿ ಗಂಟಿಲ್ಲದ ಹಾಗೆ ತಿರುವಿ. ಕೈಗೆ ತಡೆಯುವಷ್ಟು ಬಿಸಿ ಇರುವಾಗಲೇ ನಾದಬೇಕು. ಪೂರ್ತಿ ಆರಿದ ಮೇಲೆ ನಾದಿದರೆ ಗಂಟು ಉಳಿದು, ತಟ್ಟುವಾಗ ಅದೇ ಜಾಗದಲ್ಲಿ ಹರಿಯುತ್ತೆ. ನಂತರ ಉಳಿದ ಲೋಟ ಹಸಿ ಹಿಟ್ಟು, ಹಿಂಡಿದ ತುರಿ, ಮಿಕ್ಕಿದ್ದೆಲ್ಲ ಸೇರಿಸಿ. ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲಬೇಕು, ಅಂಚು ಸೀಳಬಾರದು. ಬೇಸಿಗೆಯಲ್ಲಿ ಎರಡು ಚಮಚ ಬಿಸಿನೀರು ಬೇಕಾದೀತು. ಆಷಾಢದ ಮಳೆಯಲ್ಲಿ ಹಿಟ್ಟೇ ತಂಪು ಹಿಡಿದಿರುತ್ತೆ, ಆಗ ಒಂದು ಲೋಟ ನೀರಲ್ಲೂ ಸ್ವಲ್ಪ ಕಡಿಮೆ ಮಾಡಬೇಕು.

ಹಿಟ್ಟಿನ ವಿಷಯದಲ್ಲಿ ದುಡ್ಡು ಉಳಿಯೋದು ಮಿಲ್ಲಿನಲ್ಲಿ. ಪ್ಯಾಕೆಟ್ ಹಿಟ್ಟು ಕಿಲೋಗೆ 65-70 ಕೊಟ್ಟು ತಂದರೂ ಎಷ್ಟು ಹಳೆಯದೋ ತಿಳಿಯೋದಿಲ್ಲ. ಅಕ್ಕಿ ತೊಳೆದು, ನೆರಳಲ್ಲಿ ಒಣಗಿಸಿ, ಬೀಸಿಸಿದರೆ ಕೂಲಿ ಸೇರಿ 55ರ ಒಳಗೇ. ಹೊಸ ಅಕ್ಕಿ ಬೇಡ, ಅಂಟು ಜಾಸ್ತಿ. ಮಿಲ್ಲಿನವರು ನಮಗಿಂತ ಮೊದಲು ಏನು ಹಾಕಿದ್ದರು ಅಂತ ಕೇಳಿ. ಮೆಣಸಿನಪುಡಿ ಆದ ಮೇಲೆ ಬೀಸಿದ ಹಿಟ್ಟಲ್ಲಿ ರೊಟ್ಟಿ ಮಾಡಿದರೆ ಮನೆಯವರೆಲ್ಲ ಕೆಮ್ಮಬೇಕು.

ತಟ್ಟೋದಕ್ಕೆ ಬಾಳೆಲೆ. ಬಟರ್ ಪೇಪರಿಗೂ ದುಡ್ಡು ಹಾಕಿ ನೋಡಿದ್ದಾಯ್ತು, ಮೂರನೇ ರೊಟ್ಟಿಗೆ ಸುಕ್ಕು ಬೀಳುತ್ತೆ. ಎಲೆಯನ್ನು ಉರಿಯ ಮೇಲೆ ಆಡಿಸಿ ಬಾಡಿಸಿ, ಎಣ್ಣೆ ಸವರಿ, ಸಣ್ಣ ಕಿತ್ತಳೆ ಗಾತ್ರದ ಉಂಡೆಯನ್ನು ಕೈ ಒದ್ದೆ ಮಾಡಿಕೊಂಡು ತಟ್ಟಿ. ಎಲೆಯ ಯಾವ ಮೈಗೆ ತಟ್ಟಿದರೆ ಸಲೀಸು ಅನ್ನೋದು ಮಾಡ್ತಾ ಮಾಡ್ತಾ ನಿಮಗೇ ಗೊತ್ತಾಗುತ್ತೆ. ಎಲೆ ಸಮೇತ ಕಾವಲಿಗೆ ಮಗುಚಿ, ಒಂದು ನಿಮಿಷ ತಡೆಯಿರಿ. ಎಲೆಯ ಅಂಚು ತಾನಾಗಿ ಮೇಲೆದ್ದಾಗ ಎಳೆಯಿರಿ, ಅವಸರ ಮಾಡಿದರೆ ಅರ್ಧ ರೊಟ್ಟಿ ಎಲೆಯ ಜೊತೆಗೇ ಬರುತ್ತೆ. ಎಲೆ ತೆಗೆದ ಮೇಲೆ ಮುಚ್ಚಿ ಒಂದು ನಿಮಿಷ, ಸುತ್ತ ಬೆಣ್ಣೆ, ಮಗುಚಿ ಇನ್ನೆರಡು ನಿಮಿಷ. ನಾನ್‌ಸ್ಟಿಕ್ಕಿನಲ್ಲಿ ಆ ಕೆಂಪು ಚುಕ್ಕೆ ಬರೋದಿಲ್ಲ. ನಮ್ಮೂರ ಗಾಂಧಿಬಜಾರಿನಲ್ಲಿ 800-900ಕ್ಕೆ ಸಿಗುವ ದಪ್ಪ ಬೀಡಿನ ಕಾವಲಿಯೇ ಮೇಲು.

ಬೇರೆ ಕಾಯಲ್ಲೂ ನೋಡಿದ್ದೇನೆ. ಮೊಗೆಕಾಯಿಗೂ (ಮಂಗಳೂರು ಸೌತೆ) ಇದೇ ಲೆಕ್ಕ ನಡೆಯುತ್ತೆ. ಸೀಮೆಬದನೆ ಸೌತೆಗಿಂತಲೂ ಮೆತ್ತಗೆ ಬರುತ್ತೆ, ರುಚಿ ಮಾತ್ರ ಸಪ್ಪೆ, ಮೆಣಸು ಜಾಸ್ತಿ ಬೇಕು. ಕ್ಯಾರೆಟ್ಟು ಹಿಂಡಿದರೂ ಅಷ್ಟು ನೀರು ಬಿಡೋದಿಲ್ಲ, ಬರೀ ನೀರಲ್ಲೇ ಉಕ್ಕರಿಸಬೇಕು. ಎಲೆಕೋಸು ಎಷ್ಟು ಸಣ್ಣಗೆ ಹೆಚ್ಚಿದರೂ ತಟ್ಟುವಾಗ ರೊಟ್ಟಿಯನ್ನು ತೂತು ಮಾಡುತ್ತೆ, ಕೈಬಿಟ್ಟೆ. ಕೆಂಪು ಹರಿವೆ ಹಾಕಿದರೆ ಬಣ್ಣ ನೋಡಿ ಮಕ್ಕಳು ಎರಡು ಹೆಚ್ಚೇ ತಿಂತಾರೆ.

ಎಂಟು ರೊಟ್ಟಿಗೆ ಬೆಣ್ಣೆ, ಗ್ಯಾಸ್ ಸೇರಿ 70 ರೂಪಾಯಿ ದಾಟೋದಿಲ್ಲ. ಡಬ್ಬಿಗೆ ಹಾಕುವಾಗ ಬಿಸಿಯಲ್ಲೇ ಬಟ್ಟೆಯಲ್ಲಿ ಸುತ್ತಿ. ಬರೀ ಸ್ಟೀಲ್ ಡಬ್ಬಿಗೆ ಹಾಕಿದರೆ ಬೆವರಿ ಕೆಳಗಿನದು ಮುದ್ದೆಯಾಗುತ್ತೆ. ಫ್ರಿಜ್ಜಿನಲ್ಲಂತೂ ಇಡಲೇಬೇಡಿ, ಅಲ್ಲಿಟ್ಟರೆ ಯಾವ ಕ್ರಮದಲ್ಲಿ ಮಾಡಿದ ಅಕ್ಕಿ ರೊಟ್ಟಿಯಾದರೂ ಗಟ್ಟಿಯೇ. ಹಿಟ್ಟು ಉಳಿದರೆ ಅದನ್ನೂ ಎತ್ತಿಡದೆ ಪೂರ್ತಿ ರೊಟ್ಟಿ ಮಾಡಿಬಿಡಿ. ರಾತ್ರಿಗೆ ಬೇಕಾದರೆ ಕಾವಲಿಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಮುಚ್ಚಿ ಬಿಸಿ ಮಾಡಿದರೆ ಸಾಕು.